ಒಬ್ಬಳೇ ಇದ್ದಾಗ ಬೆಕ್ಕಿಗೆ ಇನ್ಸುಲಿನ್ ಚುಚ್ಚೋದು ಹೇಗೆ? ಮಾಡಿ ಅನುಭವ ಇರೋರು ಹೇಳಿ

ಮೈಸೂರು_ಚಿಂಟು:
ನಮ್ಮ ಚಿಂಟುಗೆ 9 ವರ್ಷ, ಆರೂವರೆ ಕೆಜಿ, ಶುಗರ್ ಅಂತ ಗೊತ್ತಾಗಿದೆ. ಡಾಕ್ಟ್ರು ಗ್ಲಾರ್ಜಿನ್ ಅನ್ನೋ ಇನ್ಸುಲಿನ್ ಬೆಳಿಗ್ಗೆ 1 ಯೂನಿಟ್, ಸಂಜೆ 1 ಯೂನಿಟ್ ಬರ್ದಿದಾರೆ. ಕ್ಲಿನಿಕ್ಕಲ್ಲಿ ಮೂರು ಜನ ಹಿಡ್ಕೊಂಡು ತೋರಿಸಿದ್ರು, ಮನೇಲಿ ನಾನೊಬ್ಳೇ. ಫ್ರಿಜ್ ಬಾಗಿಲು ತೆಗೆದ್ರೆ ಸಾಕು ಮಂಚದ ಕೆಳಗೆ ಸೇರ್ಕೋತಾನೆ, ಎಳೆದ್ರೆ ಕೈಯೆಲ್ಲಾ ಪರಚಿಬಿಡ್ತಾನೆ. ನೀವೆಲ್ಲ ಹೇಗೆ ಮಾಡ್ತೀರ?

ಪುಟ್ಟಿ_ಅಮ್ಮ:
31 ಗೇಜಿನ ತೆಳು ಇನ್ಸುಲಿನ್ ಸೂಜಿಗೆ ಹೆದರ್ತೀರಾ. ನಮ್ಮ ಪುಟ್ಟಿಗೆ ಎಫ್‌ಐಪಿ ಅಂತ ಬೆಕ್ಕಿಗೆ ಬರೋ ಮಾರಕ ವೈರಸ್ ಕಾಯಿಲೆ ಆಗಿತ್ತು, ಹೊಟ್ಟೆ ತುಂಬಾ ನೀರು, ಇಬ್ರು ಡಾಕ್ಟ್ರು ಕೈ ಬಿಟ್ಟಿದ್ರು. ಆ ವೈರಸ್ಸಿಗೆ ಕೊಡೋ ಜಿಎಸ್ ಇಂಜೆಕ್ಷನ್ 84 ದಿನ, ಒಂದಿನಾನೂ ತಪ್ಪಿಸೋ ಹಾಗಿಲ್ಲ. ಆ ಔಷಧಿಲಿ ಆಸಿಡ್ ಅಂಶ ಜಾಸ್ತಿ, ಒಳಗೆ ಹೋಗ್ತಿದ್ದಂಗೆ ಉರಿಯುತ್ತೆ, ಬೆಕ್ಕು ಕಿರುಚೋದು ಪಕ್ಕದ ಮನೆಗೆ ಕೇಳಿಸ್ತಿತ್ತು. ಬೆನ್ನ ಮೇಲೆ ಹುಣ್ಣಾಗಿ ಹಕ್ಕಳೆ ಕಟ್ಟಿದ್ರೂ ಅದರ ಪಕ್ಕದಲ್ಲೇ ಜಾಗ ಹುಡುಕಿ ಮತ್ತೆ ಚುಚ್ಬೇಕು. ವಾಸಿ ಆಗ್ತಾ ತೂಕ ಏರುತ್ತೆ, ತೂಕ ಏರಿದಂಗೆ ಡೋಸ್ ಏರುತ್ತೆ, ಡೋಸ್ ಏರಿದಂಗೆ ಬಾಟ್ಲಿ ಬೇಗ ಖಾಲಿ. ಆಗ ಲೇಬಲ್ಲೂ ಸರಿಯಾಗಿ ಇಲ್ದಿರೋ ಬಾಟ್ಲಿನ ವಾಟ್ಸಾಪಲ್ಲಿ ಅವ್ರಿವ್ರನ್ನ ಕೇಳಿ ಕೊರಿಯರ್ ತರಿಸ್ಬೇಕಿತ್ತು. ಬಳೆ ಅಡ ಇಟ್ಟೆ. ನಡುವೆ ರಕ್ತ ಪರೀಕ್ಷೆ ಬೇರೆ, ಎಲ್ಲಾ ಸೇರಿ ಲಕ್ಷ ದಾಟ್ತು, ನಮ್ಮತ್ತೆ ಇವತ್ತಿಗೂ ಆ ಲೆಕ್ಕ ಎತ್ತಾಡ್ತಾರೆ. ಪುಟ್ಟಿ ಬದುಕಿದಾಳೆ. ದಪ್ಪ ಟವೆಲ್ಲಲ್ಲಿ ಸುತ್ತಿ, ಕುತ್ತಿಗೆ ಚರ್ಮ ಹಿಡ್ದು, ಮುಗಿಸ್ಬಿಡಿ. ಅಯ್ಯೋ ಪಾಪ ಅಂತ ಕೂತ್ರೆ ಬೆಕ್ಕು ಉಳಿಯಲ್ಲ.

ಕರಿಯನ_ಮನೆ:
ಟವೆಲ್ ಸುತ್ತೋದು, ಕುತ್ತಿಗೆ ಹಿಡಿಯೋದು ದಿನಾ ಮಾಡಿದ್ರೆ ಬೆಕ್ಕು ನಿಮ್ಮನ್ನ ಕಂಡ್ರೇ ಓಡುತ್ತೆ. ನಮ್ಮ ಕರಿಯಂಗೆ ಕಿಡ್ನಿ ತೊಂದರೆ, ಚರ್ಮದ ಕೆಳಗೆ ಒಂದ್ಸಲಕ್ಕೆ 100 ಎಂಎಲ್ ಆರ್‌ಎಲ್, ಅಂದ್ರೆ ಡ್ರಿಪ್ಪಲ್ಲಿ ಹಾಕೋ ಉಪ್ಪುನೀರು. ಬಾಟ್ಲಿನ ಬಿಸಿನೀರಲ್ಲಿಟ್ಟು ಉಗುರುಬೆಚ್ಚಗೆ ಮಾಡಿ ಕಿಟಕಿ ಸರಳಿಗೆ ನೇತುಹಾಕಿ, ತಟ್ಟೇಲಿ ಬೇಯಿಸಿದ ಚಿಕನ್ ಇಟ್ಟು, ಅವನು ತಿನ್ನೋಕೆ ಶುರು ಮಾಡಿದ್ಮೇಲೇ ಸೂಜಿ. 18 ಗೇಜು ದಪ್ಪ, ನೋವು ಜಾಸ್ತಿ ಆದ್ರೆ ನೀರು ಬೇಗ ಇಳಿಯುತ್ತೆ, 22ರಲ್ಲಿ ನೋವು ಕಮ್ಮಿ ಆದ್ರೆ ಅಷ್ಟೊತ್ತು ಯಾವ ಬೆಕ್ಕು ಕೂರುತ್ತೆ, ನಾವು 20ಕ್ಕೆ ಬಂದು ನಿಂತ್ವಿ. ಭುಜದ ಮೇಲೆ ಉಬ್ಕೊಂಡಿರೋ ನೀರು ಆಮೇಲೆ ಜಾರಿ ಮುಂಗಾಲಿನ ಹತ್ರ ಜೋಲಾಡ್ತಿರುತ್ತೆ, ಗಾಬರಿ ಬೇಡ, ತಾನೇ ಇಳಿಯುತ್ತೆ. ಸ್ಪಿರಿಟ್ ಹತ್ತಿ ಹಚ್ಬೇಡಿ, ಆ ವಾಸನೆಗೇ ಓಡ್ತಾವೆ. ಕರಿಯನ ಮೇಲೆ ಒಂದ್ಸಲಾನೂ ಟವೆಲ್ ಹಾಕಿಲ್ಲ ನಾನು.

ಪುಟ್ಟಿ_ಅಮ್ಮ:
ಆರ್‌ಎಲ್ ಉರಿಯಲ್ಲ ರೀ. ಊಟಾನೇ ಬಿಟ್ಟು ಮಲಗಿರೋ ಬೆಕ್ಕಿಗೆ ಯಾವ ಚಿಕನ್ ತೋರಿಸ್ತೀರ?

ಹುಬ್ಬಳ್ಳಿ_ಗುಂಡ್ಯಾ:
ಎಫ್‌ಐಪಿಗೆ ಈಗ ಗುಳಿಗಿನೂ ಬಂದಾವ್ರಿ. ನಮ್ಮ ಗುಂಡ್ಯಾಗ ಶುಗರ್ ಇತ್ತು, ಮನ್ಯಾಗ ಯಾರ ಕಡಿಂದೂ ಹಿಡ್ಯಾಕ ಆಗ್ಲಿಲ್ಲ. ಮುಂಜಾನೆ ಸಂಜಿ ಕ್ಲಿನಿಕ್ಕಿಗೆ ಒಯ್ತಿದ್ವಿ, ಒಂದ್ ಸಲಕ್ಕ 150, ಆಟೋಕ್ಕ ಹೋಗಾಕ 80 ಬರಾಕ 80, ದಿನಕ್ಕ 620 ರೂಪಾಯಿ, ಶುಗರ್ ನೋಡೂ ಸ್ಟ್ರಿಪ್ ಬ್ಯಾರೆ, ಔಷಧ ಬ್ಯಾರೆ. ಬುಟ್ಟಿ ಕಂಡ್ರ ಉಚ್ಚಿ ಹೊಯ್ಕೋತಿತ್ತು. ಕಡೀಕ ಉಣ್ಣೂದ ಬಿಟ್ಟ, ಡಾಕ್ಟರ್ ಸೂಜಿ ಕೊಟ್ಟು ಕಾಯಂ ಮಲಗಿಸೂದು ಚಲೋ ಅಂದ್ರು, ಮಲಗಿಸಿದ್ವಿ. ದಿನಾ ಅಂಜಿಸಿ ಬದುಕಸೂದು ನಮ್ಮ ಸಮಾಧಾನಕ್ಕ, ಅದರ ಸಮಾಧಾನಕ್ಕ ಅಲ್ಲ.

ಪುಟ್ಟಿ_ಅಮ್ಮ:
ದುಡ್ಡು ಸಾಕಾಯ್ತು ಅಂತ ನೇರವಾಗಿ ಹೇಳಿ, ಅದಕ್ಕೆ ದಯೆ ಅಂತ ಹೆಸರಿಡ್ಬೇಡಿ.

ಹುಬ್ಬಳ್ಳಿ_ಗುಂಡ್ಯಾ:
ನನ್ನ ತೊಡಿ ಮ್ಯಾಲೆ ಜೀವ ಬಿಟ್ಟಾನವ. ನೀವು ಅಲ್ಲಿ ಇದ್ದಿರೇನು? ಬಾಯಿ ಹಿಡದು ಮಾತಾಡ್ರಿ.

ಶಿವಮೊಗ್ಗ_ಮೂರುಬೆಕ್ಕು:
ಜಗಳ ಆಮೇಲೆ ಆಡಿ. ಯಾರೂ ಸಿರಿಂಜ್ ವಿಷಯ ಕೇಳ್ಲೇ ಇಲ್ವಲ್ಲ. ಗ್ಲಾರ್ಜಿನ್ ಎಂಎಲ್‌ಗೆ 100 ಯೂನಿಟ್. ನಮ್ಮ ದೇಶದಲ್ಲಿ ಮನುಷ್ಯರ ಇನ್ಸುಲಿನ್ ಬಾಟ್ಲಿ ಎಷ್ಟೋ 40 ಯೂನಿಟ್ಟಿಂದು, ಹಂಗಾಗಿ ಕೇಳಿದ ತಕ್ಷಣ ಅಂಗಡಿಲಿ ಕೆಂಪು ಮುಚ್ಚಳದ 40ರ ಸಿರಿಂಜ್ ಕೊಟ್ಬಿಡ್ತಾರೆ. ಅದರಲ್ಲಿ 1ರ ಗೀಟಿಗೆ ಎಳೆದ್ರೆ ಬೆಕ್ಕಿಗೆ ಹೋಗೋದು ಎರಡೂವರೆ ಯೂನಿಟ್! ನಮ್ಮನೇದಕ್ಕೆ ಹಂಗೇ ಆಯ್ತು, ಶುಗರ್ ತೀರಾ ಇಳಿದು ಹಿಂಗಾಲು ಸೋತು ಗೋಡೆಗೆ ಡಿಕ್ಕಿ ಹೊಡ್ಕೊಂಡು ಬಿತ್ತು, ಆಮೇಲೆ ಫಿಟ್ಸ್. ಒಸಡಿಗೆ ಗ್ಲೂಕೋಸ್ ಉಜ್ಜುತ್ತಾ ಆಸ್ಪತ್ರೆಗೆ ಓಡಿದ್ದು, ಎರಡು ರಾತ್ರಿ ಡ್ರಿಪ್, ಬಿಲ್ಲು 11,400. ಅಂಗಡಿಯವ್ನು ಚೀಟಿಲಿ ಬರ್ದಿಲ್ಲ ಅಂತಾನೆ, ಚೀಟಿ ಇವತ್ತಿಗೂ ನನ್ನ ಹತ್ರ ಇದೆ, 100 ಅಂತ ದಪ್ಪಕ್ಷರದಲ್ಲಿದೆ. ಆಮೇಲೆ ಇನ್ನೊಂದು, ಚುಚ್ಚಿದ್ಮೇಲೆ ಕೂದಲು ಒದ್ದೆ ಇದ್ರೆ ಔಷಧಿ ಆಚೆ ಹೋಗಿದೆ ಅಂತ ಅರ್ಥ, ಎಷ್ಟು ಒಳಗೆ ಹೋಯ್ತೋ ಗೊತ್ತಿಲ್ಲ, ಹಾಗಾಗಿ ಇನ್ನೊಂದು ಡೋಸ್ ಕೊಡ್ಬೇಡಿ, ಮುಂದಿನ ಟೈಮಿಗೆ ಕೊಡಿ.

ಬಸವನಗುಡಿ_ಮಿನ್ನಿ:
ನಮ್ಮನೇಲಿ ಚಿಕನ್ ಎಲ್ಲ ಬರಲ್ಲ. ಮಿನ್ನಿ ಮೊಸರನ್ನ ತಿಂದ್ಕೊಂಡೇ 14 ವರ್ಷ ಇದ್ಲು. ಮೊಸರನ್ನ ಮುಂದಿಟ್ಟು ಚುಚ್ಚಿ ನೋಡಿ.

ಮೈಸೂರು_ಚಿಂಟು:
ಶಿವಮೊಗ್ಗದವ್ರೇ, ನನಗೆ ಕೊಟ್ಟಿರೋದು ಕೆಂಪು ಮುಚ್ಚಳದ್ದೇ. ಸಂಜೆದು ಇನ್ನೂ ಕೊಟ್ಟಿಲ್ಲ.

ಕರಿಯನ_ಮನೆ:
ಶುಗರ್ ಇರೋ ಬೆಕ್ಕಿಗೆ ಅನ್ನಾನಾ?! ಬೆಕ್ಕು ಮಾಂಸಾಹಾರಿ ಪ್ರಾಣಿ ಕಣ್ರೀ, ಮಾಂಸದಲ್ಲಿ ಸಿಗೋ ಟಾರಿನ್ ಅನ್ನೋ ಪೋಷಕಾಂಶ ಇಲ್ದಿದ್ರೆ ಹಾರ್ಟು, ಕಣ್ಣು ಎರಡೂ ಹೋಗುತ್ತೆ. ಅನ್ನ ಬಿಡಿಸಿ ಮಾಂಸದ ಒದ್ದೆ ಫುಡ್ಡಿಗೆ ಹಾಕಿ ಶುರುವಿಗೇ ಇನ್ಸುಲಿನ್ ಕೊಟ್ರೆ ಕೆಲವು ಬೆಕ್ಕಿಗೆ ಇನ್ಸುಲಿನ್ನೇ ಬೇಡ ಅನ್ನೋ ಹಾಗಾಗುತ್ತೆ.

ಬಸವನಗುಡಿ_ಮಿನ್ನಿ:
14 ವರ್ಷ ಅಂದೆ, ಓದಿದ್ರಾ? ನಮ್ಮ ಅಡುಗೆಮನೆಗೆ ನೀವು ಕೈ ಹಾಕೋದು ಬೇಡ. ಬೆಕ್ಕು ಸಾಕೋಕೆ ಜಾತಿ ಕೇಳೋ ಕಾಲ ಬಂತು.

ಕರಿಯನ_ಮನೆ:
ಜಾತಿ ಎಲ್ಲಿ ಬಂತು ಇಲ್ಲಿ? ಟಾರಿನ್ ಅಂದೆ.

ಶಿವಮೊಗ್ಗ_ಮೂರುಬೆಕ್ಕು:
ಮೊಸರನ್ನದ ಜಗಳ ಬೇರೆ ಕಡೆ ಇಟ್ಕೊಳ್ಳಿ. ಮೈಸೂರಿನವ್ರೇ, ಅದರಲ್ಲಿ ಎಳೀಲೇಬೇಡಿ, ಕಿತ್ತಳೆ ಮುಚ್ಚಳದ 100ರದ್ದು ತನ್ನಿ. ಬೆಳಿಗ್ಗೆ ಯಾವುದರಲ್ಲಿ ಕೊಟ್ರಿ ಅಂತ ಈಗ್ಲೇ ಡಾಕ್ಟ್ರಿಗೆ ಫೋನ್ ಮಾಡಿ ಹೇಳಿ. ಊಟ ಬದಲಾಯಿಸೋ ಹಾಗಿದ್ರೂ ಮೊದ್ಲು ಅವರನ್ನ ಕೇಳಿ, ಅನ್ನ ಬಿಡಿಸಿದ್ರೆ ಡೋಸ್ ಇಳಿಸ್ಬೇಕಾಗಬಹುದು.