ಸಹಾಯ ಬೇಕು: ಸೈಟಿಗೆ ಅಡ್ವಾನ್ಸ್ ಕೊಟ್ಟವರು ಕ್ರೆಡಿಟರ್ ಆಗುತ್ತಾರಾ?

ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಹಿರಿಯ ಕಾನೂನು ಅಧಿಕಾರಿ. ರಿಟರ್ನ್ ಹಾಕದ ಒಂದು ಕಂಪನಿಯ ಹೆಸರನ್ನು ಕಂಪನಿ ಕಾಯ್ದೆ 2013ರ ಸೆಕ್ಷನ್ 248ರಡಿ ರಿಜಿಸ್ಟರ್‌ನಿಂದ ತೆಗೆದು ನಾಲ್ಕು ವರ್ಷವಾಯಿತು. ಆ ಕಂಪನಿಗೆ ಸೈಟಿನ ಅಡ್ವಾನ್ಸ್ ಕೊಟ್ಟಿದ್ದವರೊಬ್ಬರು, ಹೆಸರನ್ನು ಮತ್ತೆ ಸೇರಿಸಿ ಅಂತ ಈಗ ಎನ್‌ಸಿಎಲ್‌ಟಿಗೆ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಹೋಗಿದ್ದಾರೆ. ಉತ್ತರ ಬರೆಯಬೇಕಾದವನು ನಾನು.

ಹೆಸರು ಮತ್ತೆ ಸೇರಿಸಿ ಅಂತ ಕೇಳಲು ಅದೇ ಕಾಯ್ದೆಯ ಸೆಕ್ಷನ್ 252(1)ರಲ್ಲಿ ನೊಂದವರಿಗೆ 3 ವರ್ಷ, ಅದು ಮುಗಿದಿದೆ. 252(3)ರಲ್ಲಿ ಕ್ರೆಡಿಟರ್‌ಗೆ, ಅಂದರೆ ಕಂಪನಿಯಿಂದ ಬಾಕಿ ಬರಬೇಕಾದವರಿಗೆ, ಗೆಜೆಟ್ ಪ್ರಕಟಣೆಯಿಂದ 20 ವರ್ಷ. ಹಳೇ ಫೈಲೆಲ್ಲ ತಿರುವಿ ಹಾಕಿದೆ. ಇಬ್ಬರು ಸೀನಿಯರ್‌ಗಳನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಸುಮ್ನೆ ಅವಧಿ ಮುಗಿಯಿತು ಅಂತ ವಿರೋಧಿಸಲು ಮನಸ್ಸಿಲ್ಲ. ಪಾಪ, ದುಡ್ಡು ಕೊಟ್ಟು ಕೂತಿದ್ದಾರೆ ಅಲ್ವಾ?

ದುಡ್ಡು ವಾಪಸ್ ಬೇಡ, ಸೈಟೇ ಬೇಕು ಅನ್ನುವವರು 252(3)ರ ಪ್ರಕಾರ ಕ್ರೆಡಿಟರ್ ಆಗುತ್ತಾರಾ? ಇದನ್ನೇ ತೀರ್ಮಾನಿಸಿದ ಆದೇಶ ಯಾರಾದರೂ ನೋಡಿದ್ದೀರಾ?