ರೈಲಲ್ಲಿ ಪಕ್ಕದ ಸೀಟಿನವರ ಜೊತೆ ಮಾತು ಶುರು ಮಾಡೋದು ಹೇಗೆ?

ಕಿಟಕಿ_ಸೀಟು ಕೇಳಿದ್ದು:
ಬೆಂಗಳೂರು–ಹುಬ್ಬಳ್ಳಿ ಹಗಲು ರೈಲು, ಆರೇಳು ಗಂಟೆ ದಾರಿ. ‘ಯಾವೂರು?’ ಅಂತ ಕೇಳಿ ಉತ್ತರ ಬಂದ ಮೇಲೆ ಮುಂದೇನು ಅಂತ ತೋಚಲ್ಲ. ಎದುರಿನವರಿಗೆ ಮಾತು ಬೇಕಾ ಬೇಡವಾ ಅಂತ ತಿಳಿಯೋದು ಹೇಗೆ? ಹೆಂಗಸರು ಏನೇನು ಎಚ್ಚರ ವಹಿಸಬೇಕು? ಅಪರಿಚಿತರ ಜೊತೆ ಮಾತಾಡಿದ್ರೆ ಒಳ್ಳೇದು ಅಂತಾರಲ್ಲ, ಅದರಲ್ಲಿ ಹುರುಳಿದೆಯಾ?

ಅರಳೀಕಟ್ಟೆ:
ಕೊನೇ ಪ್ರಶ್ನೆಗೆ ಮೊದಲು ಉತ್ತರ. ಹುರುಳಿದೆ. ನಿಕೋಲಸ್ ಎಪ್ಲಿ, ಜೂಲಿಯಾನಾ ಶ್ರೋಡರ್ ಅನ್ನೋ ಇಬ್ಬರು ಸಂಶೋಧಕರು ಶಿಕಾಗೋದಲ್ಲಿ ದಿನಾ ರೈಲು ಹತ್ತುವವರ ಮೇಲೆ ಮಾಡಿದ ಪ್ರಯೋಗ 2014ರಲ್ಲಿ ಪ್ರಕಟವಾಯ್ತು. ಒಂದು ಗುಂಪಿಗೆ ಪಕ್ಕದವರ ಜೊತೆ ಮಾತಾಡಿ ಅಂದ್ರು, ಇನ್ನೊಂದಕ್ಕೆ ಸುಮ್ಮನೆ ಕೂತಿರಿ, ಮೂರನೆಯದಕ್ಕೆ ಎಂದಿನ ಹಾಗೇ ಇರಿ. ಸುಮ್ಮನೆ ಕೂತರೇ ಹಿತ ಅನ್ನೋದು ಜನರ ಅಂದಾಜು. ಆದರೆ ಪ್ರಯಾಣ ಚೆನ್ನಾಗಿತ್ತು ಅಂತ ಹೆಚ್ಚಾಗಿ ಹೇಳಿದ್ದು ಮಾತಾಡಿದವರೇ. ಅಂದಾಜು ತಪ್ಪೋದಕ್ಕೆ ಕಾರಣ ಸರಳ: ‘ಅವರಿಗೆ ಮಾತು ಬೇಡ’ ಅಂತ ಇವರು, ಇವರಿಗೆ ಬೇಡ ಅಂತ ಅವರು, ಇಬ್ಬರೂ ಮೊಬೈಲಿಗೆ ತಲೆ ಬಗ್ಗಿಸಿರ್ತಾರೆ.

ಇನ್ನೊಂದು ವಿಷಯ. ಮಾತು ಮುಗಿದ ಮೇಲೆ ‘ಬೋರ್ ಹೊಡೆಸಿಬಿಟ್ಟೆನೇನೋ’ ಅನಿಸೋದು ಮಾಮೂಲು. ನಾವು ಎದುರಿನವರಿಗೆ ಎಷ್ಟು ಇಷ್ಟವಾದ್ವಿ ಅನ್ನೋದನ್ನ ನಾವೇ ಕಡಿಮೆ ಅಂದಾಜು ಮಾಡ್ತೀವಿ ಅಂತ 2018ರ ಒಂದು ಅಧ್ಯಯನ ತೋರಿಸಿದೆ. ಆ ಅಳುಕನ್ನ ನಂಬಬೇಡಿ.

ಕೆಲಸ ಸಿಗುತ್ತೆ, ಸಂಪರ್ಕ ಬೆಳೆಯುತ್ತೆ ಅಂತ ಮಾತ್ರ ಹೋಗಬೇಡಿ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದದ್ದು ಅಪರೂಪಕ್ಕೆ ಸಿಗೋ ಪರಿಚಯಸ್ಥರಿಂದ ಕೆಲಸದ ಸುದ್ದಿ ಬರುತ್ತೆ ಅಂತ. ಅದನ್ನ ಪೂರ್ತಿ ಅಪರಿಚಿತರಿಗೂ ಎಳೆದು ಅನ್ವಯಿಸೋದು ಸರಿಯಲ್ಲ.

ತೆಂಗಿನ_ಸೀಮೆ:
ಹತ್ತಿದ ಕೂಡಲೇ ಬಾಯಿ ಬಿಡಬೇಡಿ. ಬ್ಯಾಗು ಮೇಲಿಟ್ಟು, ನೀರು ಕುಡಿದು, ಟಿಟಿಇ ಬಂದು ಹೋಗೋತನಕ ಎಲ್ಲರ ಗಮನ ಬೇರೆ ಕಡೆ ಇರುತ್ತೆ. ಆಮೇಲೆ ಇಬ್ಬರ ಕಣ್ಣಿಗೂ ಬೀಳುವ ಏನನ್ನಾದರೂ ಹಿಡ್ಕೊಳ್ಳಿ: ಕೆಲಸ ಮಾಡದ ಚಾರ್ಜಿಂಗ್ ಪಾಯಿಂಟು, ಸಿಗ್ನಲ್‌ಗೆ ನಿಂತ ಗಾಡಿ, ಬಂದ ವಡೆ ಬುಟ್ಟಿ. ‘ಎಲ್ಲಿಗೆ?’ ಅಂತ ನೇರ ಕೇಳೋದಕ್ಕಿಂತ ‘ದೂರ ಹೊರಟ್ರಾ?’ ಅನ್ನೋದು ಹಳಬರಿಗೆ ಹಿಡಿಸುತ್ತೆ; ಹೇಳಬೇಕಾದಷ್ಟನ್ನೇ ಹೇಳೋ ಸ್ವಾತಂತ್ರ್ಯವೂ ಅವರಿಗೆ ಉಳಿಯುತ್ತೆ.

ನಿಮ್ಮ ಮಾತು ಸಾಯ್ತಿರೋದು ಎರಡನೇ ಪ್ರಶ್ನೆಯಲ್ಲಿ. ಉದಾಹರಣೆಗೆ:

– ತಿಪಟೂರಲ್ಲಿ ಇಳೀತೀರಾ? ಈ ಸಲ ಕೊಬ್ಬರಿ ರೇಟು ಹೇಗಿದೆ?
– ರೇಟೇನೋ ಪರವಾಗಿಲ್ಲ, ಮರದಲ್ಲಿ ಕಾಯೇ ಇಲ್ಲ.

ಇಲ್ಲಿ ಎರಡು ಥರ ಕೆಡುತ್ತೆ. ‘ನಮ್ಮೂರಲ್ಲೂ ಅಷ್ಟೇ, ನಮ್ಮ ಮಾವನ ತೋಟ...’ ಅಂತ ಹೊರಟ್ರೆ ಮಾತನ್ನ ಅವರ ಕೈಯಿಂದ ಕಿತ್ಕೊಂಡ ಹಾಗೆ. ‘ಓ ಹೌದಾ, ಮಕ್ಕಳೆಷ್ಟು?’ ಅಂದ್ರೆ ಸೆನ್ಸಸ್‌ನವರು ಬಂದ ಹಾಗೆ. ಅವರು ಹೇಳಿದ್ದರಲ್ಲೇ ಒಂದು ಎಳೆ ಹಿಡೀರಿ: ‘ಯಾಕೆ, ಮಳೆ ಕೈಕೊಡ್ತಾ, ಬಿಳಿ ನೊಣದ ಕಾಟಾನಾ?’ ಅಲ್ಲಿಂದ ನುಸಿ ರೋಗ, ಕಾಯಿ ಕೀಳೋರಿಗೆ ಮರಕ್ಕೆಷ್ಟು ಕೂಲಿ, ಉಂಡೆ ಕೊಬ್ಬರಿಗೆ ಕಾಯಿಯನ್ನ ತಿಂಗಳುಗಟ್ಟಲೆ ಅಟ್ಟದ ಮೇಲೆ ಯಾಕೆ ಬಿಡ್ತಾರೆ, ಎಲ್ಲ ತಾನಾಗೇ ಬರುತ್ತೆ. ಹೇಳಿದ್ದರ ಮೇಲೇ ಮರುಪ್ರಶ್ನೆ ಕೇಳುವವರು ಜನರಿಗೆ ಹೆಚ್ಚು ಹಿಡಿಸ್ತಾರೆ ಅಂತ ಹಾರ್ವರ್ಡ್‌ನವರ 2017ರ ಅಧ್ಯಯನವೂ ಹೇಳುತ್ತೆ.

ಎರಡು ಮೂರು ಪ್ರಶ್ನೆ ಕೇಳಿದ ಮೇಲೆ ನಿಮ್ಮದೂ ಒಂದು ವಿಷಯ ಹೇಳಿ, ಇಲ್ಲಾಂದ್ರೆ ವಿಚಾರಣೆ ಅನಿಸುತ್ತೆ. ಸಂಬಳ, ಮದುವೆ ಯಾಕಾಗಿಲ್ಲ, ‘ನೀವು ಯಾವ ಪೈಕಿ?’ ಇವು ಮೂರೂ ಬೇಡ. ಪೂರ್ತಿ ಹೆಸರು ಕೆದಕೋದು, ‘ವೆಜ್ಜಾ, ನಾನ್‌ವೆಜ್ಜಾ?’ ಅನ್ನೋದು ಅದೇ ಜಾತಿ ಪ್ರಶ್ನೆಯ ಹಿಂಬಾಗಿಲು. ಎದುರಿನವರಿಗೆ ಅರ್ಥ ಆಗಲ್ಲ ಅಂದ್ಕೋಬೇಡಿ. ನಿಮ್ಮನ್ನೇ ಯಾರಾದ್ರೂ ಕೇಳಿದ್ರೆ ‘ಅದೆಲ್ಲ ಬಿಡಿ ಸಾರ್, ಈ ಗಾಡಿ ಅರಸೀಕೆರೇಲಿ ಎಷ್ಟು ಹೊತ್ತು ನಿಲ್ಲುತ್ತೆ?’ ಅನ್ನಿ.

ಧಾರವಾಡ_ಫೇಡೆ:
ನಮ್ ಕಡೆ ಇಷ್ಟೆಲ್ಲಾ ತಯಾರಿ ಬೇಕಾಗೂದಿಲ್ರೀ. ‘ಎಲ್ಲೀ ತನಕಾರೀ?’ ಅಂದ್ರ ಸಾಕು. ಆದ್ರ ಆ ‘ರೀ’ ಬಿಡಬ್ಯಾಡ್ರಿ, ಬಿಟ್ರ ಜಗಳಕ್ಕ ನಿಂತಂಗ ಕೇಳ್ತದ. ವಯಸ್ಸಾದವರಿಗೆ ‘ಯಜಮಾನ್ರ’, ‘ಅಮ್ಮಾರ’. ‘ಬಾಸ್’, ‘ಗುರು’ ಬೆಂಗಳೂರಾಗ ಇಟ್ಟ ಬರ್ರಿ.

ಲೋಯರ್_ಬರ್ತ್:
ಬೇಡ ಅನ್ನೋ ಸೂಚನೆ ನೋಡ್ಕೊಳ್ಳಿ. ಎರಡು ಸಲ ಒಂದೇ ಪದದ ಉತ್ತರ ಬಂತು, ತಿರುಗಿ ಒಂದೂ ಪ್ರಶ್ನೆ ಬರಲಿಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸಿ. ಮುಖ ನಗ್ತಾ ಇದ್ದು ಭುಜ, ಮೊಣಕಾಲು ಕಿಟಕಿ ಕಡೆ ತಿರುಗಿದ್ರೆ ಆ ನಗು ಬರೀ ಮರ್ಯಾದೆಗೆ. ಎರಡೂ ಕಿವಿಗೆ ಇಯರ್‌ಫೋನ್ ಅಂದ್ರೆ ಕೇಳಲೇಬೇಡಿ. ಒಬ್ಬರೇ ಕೂತ ಹೆಣ್ಣುಮಕ್ಕಳ ಹತ್ತಿರ ಗಂಡಸರು ಮಾತು ಶುರು ಮಾಡೋದಾದ್ರೆ ಒಂದೇ ಅವಕಾಶ, ಎರಡಲ್ಲ. ಮತ್ತೆ, ರಾತ್ರಿ 10ರಿಂದ ಬೆಳಗ್ಗೆ 6 ಮಲಗೋ ಹೊತ್ತು, ಎಂಥ ಚೆಂದದ ಮಾತಾದ್ರೂ ಬೇಡ.

ಹೆಂಗಸರಿಗೆ: ಊರು ಕೇಳಿದ್ರೆ ಜಿಲ್ಲೆ ಹೇಳಿ, ಬಡಾವಣೆ ಬೇಡ. ಇಳಿಯೋ ಸ್ಟೇಷನ್ನಿಗೆ ಯಾರು ಬರ್ತಾರೆ ಅಂತ ಕೇಳಿದ್ರೆ, ಯಾರೂ ಬರದಿದ್ರೂ ‘ಮನೆಯವರು ಬರ್ತಾರೆ’ ಅನ್ನಿ; ಈ ಸುಳ್ಳಿಗೆ ಪಾಪ ಇಲ್ಲ. ತೆರೆದ ಬಿಸ್ಕತ್ತು, ಟೀ, ಜ್ಯೂಸು ಯಾರೇ ಕೊಟ್ರೂ ‘ಈಗ ತಾನೇ ಆಯ್ತು’ ಅಂತ ಹೇಳಿ ಬಿಡಿ. ಮತ್ತು ಬರೋ ಔಷಧಿ ಬೆರೆಸಿ ಕೊಟ್ಟು ದೋಚೋರು ಮೊದಲು ಮಾತಲ್ಲೇ ವಿಶ್ವಾಸ ಗಳಿಸೋದು. ಅರ್ಜೆಂಟ್ ಕಾಲ್ ಮಾಡ್ಬೇಕು ಅಂತ ಫೋನ್ ಕೇಳಿದ್ರೆ ನಂಬರ್ ನೀವೇ ಒತ್ತಿ, ಸ್ಪೀಕರ್‌ಗೆ ಹಾಕಿ, ಫೋನು ನಿಮ್ಮ ಕೈಯಲ್ಲೇ ಇರ್ಲಿ. ಕಿರಿಕಿರಿ ಆದ್ರೆ ರೈಲ್ವೆ ಸಹಾಯವಾಣಿ 139ಕ್ಕೆ, ಅಪಾಯ ಅನಿಸಿದ್ರೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ.

ಕಿಟಕಿ_ಸೀಟು:
ಮಾತು ನಿಲ್ಲಿಸೋದು ಹೇಗೆ? ಹಾವೇರಿ ತನಕ ಬಿಡದವರು ಸಿಕ್ರೆ?

ತೆಂಗಿನ_ಸೀಮೆ:
ಕಾರಣ ಕೊಟ್ಟು ನಿಲ್ಲಿಸಿ, ಸುಮ್ಮನೆ ಮೊಬೈಲ್ ತೆಗೆದ್ರೆ ಅವಮಾನ ಆಗುತ್ತೆ. ‘ಸ್ವಲ್ಪ ಕಣ್ಣು ಮುಚ್ತೀನಿ’ ಅಂದು ನಿಜವಾಗ್ಲೂ ಮುಚ್ಚಿ. ದಾವಣಗೆರೇಲಿ ಇಳಿದು ಕಾಲಾಡಿಸಿ ಬಂದ್ರೂ ಮಾತು ತುಂಡಾಗುತ್ತೆ, ಗಾಡಿ ಎಷ್ಟು ನಿಮಿಷ ನಿಲ್ಲುತ್ತೆ ಅಂತ ನೋಡ್ಕೊಂಡು ಇಳೀರಿ. ನಿಮ್ಮ ಸ್ಟೇಷನ್ ಬರೋಕೆ ಹತ್ತು ನಿಮಿಷ ಮುಂಚೆ ‘ಬಿಳಿ ನೊಣದ ವಿಷಯ ಗೊತ್ತೇ ಇರ್ಲಿಲ್ಲ, ಒಳ್ಳೇದಾಯ್ತು, ಬರ್ತೀನಿ’ ಅಂದು ಬ್ಯಾಗು ಇಳಿಸ್ಕೊಳ್ಳಿ. ನಂಬರ್ ಕೇಳಲೇಬೇಕು ಅಂತೇನಿಲ್ಲ.