ಹಳೇ ಮನೆ ಕೊಂಡು, ರಿಪೇರಿ ಮಾಡಿ ಮಾರುವ ವ್ಯವಹಾರಕ್ಕೆ ಯಾವ ಬ್ಯಾಂಕ್ ಒಳ್ಳೆಯದು?

ಹಳೇಮನೆ_ಮೈಸೂರು:
ನಾನು, ನಮ್ಮ ಭಾವ ಸೇರಿ ಪಾಲುದಾರಿಕೆ ಸಂಸ್ಥೆ ಮಾಡಿದ್ದೇವೆ. ಮೈಸೂರಿನಲ್ಲಿ ಹಳೇ ಮನೆ ಕೊಂಡು, ರಿಪೇರಿ ಮಾಡಿ, ಕೆಲವನ್ನು ಬಾಡಿಗೆಗೆ ಕೊಟ್ಟು ಕೆಲವನ್ನು ಮಾರುವ ಯೋಚನೆ. ಈಗ ಕರೆಂಟ್ ಅಕೌಂಟ್ ಬೇಕು, ಮುಂದೆ ಸಾಲವೂ ಬೇಕು. ಸರ್ಕಾರಿ ಬ್ಯಾಂಕಾ, ಖಾಸಗಿಯಾ, ನಮ್ಮ ಏರಿಯಾದ ಸಹಕಾರಿ ಬ್ಯಾಂಕಾ? ಸಹಕಾರಿಯಲ್ಲಿ ಎಲ್ಲರೂ ಪರಿಚಯದವರು, ಎಫ್‌ಡಿಗೆ ಬಡ್ಡಿಯೂ ಜಾಸ್ತಿ.

ನಿವೃತ್ತ_ಮ್ಯಾನೇಜರ್:
ಅಕೌಂಟ್ ಯಾವ ಬ್ಯಾಂಕಿನಲ್ಲೂ ತೆರೆಯಬಹುದು, ನೀವು ಸಾಲದ ಕಡೆಯಿಂದ ಶುರು ಮಾಡಿ. ಕೊಂಡು ಮಾರುವ ಸಂಸ್ಥೆಗೆ ಹೋಮ್ ಲೋನ್ ಸಿಗುವುದಿಲ್ಲ. ನಿಮಗೆ ಸಿಗುವುದು ವ್ಯಾಪಾರದ ಸಾಲ, ಅದಕ್ಕೆ ಬಡ್ಡಿ ಜಾಸ್ತಿ. ವಾಸಕ್ಕೆ ಅಂತ ಹೇಳಿ ಸ್ವಂತ ಹೆಸರಲ್ಲಿ ಹೋಮ್ ಲೋನ್ ತೆಗೆಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಹಳೇ ಮನೆಗೆ ಇನ್ನೊಂದು ತೊಡಕಿದೆ. ವ್ಯಾಲ್ಯುಯರ್ (ಬ್ಯಾಂಕಿನ ಪರವಾಗಿ ಆಸ್ತಿಗೆ ಬೆಲೆ ಕಟ್ಟುವವರು) ಸೈಟಿಗೆ ಬೆಲೆ ಕಟ್ಟುತ್ತಾರೆ, ಕಟ್ಟಡ 50 ವರ್ಷದ್ದಾದರೆ ಅದಕ್ಕೆ ಹೆಚ್ಚೇನೂ ಕಟ್ಟುವುದಿಲ್ಲ. ಸಾಮಾನ್ಯವಾಗಿ ಕ್ರಯಪತ್ರದ ಮೊತ್ತ, ವ್ಯಾಲ್ಯುಯರ್ ಮೊತ್ತ, ಎರಡರಲ್ಲಿ ಕಡಿಮೆ ಯಾವುದೋ ಅದರ ಮೇಲೆ ಸಾಲ. ರಿಪೇರಿ ಖರ್ಚು ಹೆಚ್ಚುಕಡಿಮೆ ನಿಮ್ಮ ಕೈಯಿಂದಲೇ. ಹಾಗಾಗಿ ಮ್ಯಾನೇಜರ್ ಎದುರು ಕೂತು ನೇರವಾಗಿ ಕೇಳಿ: ಮಂಜೂರು ಮಾಡುವ ಅಧಿಕಾರ ಈ ಶಾಖೆಗೇ ಇದೆಯಾ ಅಥವಾ ಫೈಲ್ ಬೇರೆ ಊರಿಗೆ ಹೋಗುತ್ತದಾ, ಎಷ್ಟು ಹಳೇ ಕಟ್ಟಡದವರೆಗೆ ತೆಗೆದುಕೊಳ್ಳುತ್ತೀರಿ, ಬಿ ಖಾತಾ (ಪೂರ್ತಿ ಕ್ರಮಬದ್ಧವಲ್ಲದ ಆಸ್ತಿಯ ದಾಖಲೆ) ಆದರೆ ಏನು, ನಿಮ್ಮ ಬ್ಯಾಂಕಿನ ಪ್ಯಾನಲ್ ವಕೀಲರು ಎಷ್ಟು ವರ್ಷದ ಇಸಿ (ಆಸ್ತಿಯ ಮಾರಾಟ, ಅಡಮಾನದ ದಾಖಲೆ) ಕೇಳುತ್ತಾರೆ. ಇದಕ್ಕೆ ಸರಿಯಾಗಿ ಉತ್ತರ ಕೊಡುವ ಶಾಖೆ ಸರ್ಕಾರಿಯೋ ಖಾಸಗಿಯೋ, ಅಲ್ಲಿಗೇ ಹೋಗಿ.

ಹುಬ್ಳಿ_ಸೈಟ್:
ಸಹಕಾರಿ ಬ್ಯಾಂಕ್ ವಿಷಯ ಸ್ವಲ್ಪ ಯೋಚನೆ ಮಾಡ್ರಿ. ಬ್ಯಾಂಕ್ ಮುಳುಗಿದರೆ ಸಿಗುವ ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ. ಒಂದು ಮನೆ ಮಾರಿದರೆ 50-60 ಲಕ್ಷ ಬಂದು ಅಕೌಂಟಿನಲ್ಲಿ ಕೂರುತ್ತದೆ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹಾಕಿದಾಗ ಜನ ತಮ್ಮದೇ ದುಡ್ಡಿನಲ್ಲಿ 35,000ಕ್ಕಿಂತ ಜಾಸ್ತಿ ತೆಗೆಯುವಂತಿರಲಿಲ್ಲ. ನಿಮ್ಮ ಬ್ಯಾಂಕ್ ಚೆನ್ನಾಗಿಯೇ ಇರಬಹುದು, ಆದರೂ ದೊಡ್ಡ ಮೊತ್ತ ಅಲ್ಲಿ ಇಡಬೇಡ್ರಿ.

ಇನ್ನೊಂದು, ನೀವು ವರ್ಷದೊಳಗೆ ಮಾರಿ ಸಾಲ ತೀರಿಸುವವರು, ಅವಧಿಗೆ ಮುಂಚೆ ತೀರಿಸಿದರೆ ಹಾಕುವ ಶುಲ್ಕ ನಿಮಗೆ ಅರ್ಧ ಪರ್ಸೆಂಟ್ ಬಡ್ಡಿ ವ್ಯತ್ಯಾಸಕ್ಕಿಂತ ದುಬಾರಿ ಆಗಬಹುದು. 2026ರ ಜನವರಿ 1ರಿಂದ ಮಂಜೂರಾದ ಫ್ಲೋಟಿಂಗ್ ಬಡ್ಡಿ (ಆಗಾಗ ಬದಲಾಗುವ ಬಡ್ಡಿ) ಸಾಲಕ್ಕೆ, ವ್ಯಾಪಾರಕ್ಕೆ ತೆಗೆದಿದ್ದರೂ, ವ್ಯಕ್ತಿಗಳಿಂದ ಮತ್ತು ಸಣ್ಣ ಉದ್ದಿಮೆಗಳಿಂದ ದೊಡ್ಡ ವಾಣಿಜ್ಯ ಬ್ಯಾಂಕುಗಳು ಈ ಶುಲ್ಕ ತೆಗೆದುಕೊಳ್ಳುವಂತಿಲ್ಲ. ನಿಮ್ಮ ಸಾಲ ಇದರೊಳಗೆ ಬರುತ್ತದಾ ಅಂತ ಮಂಜೂರಾತಿ ಪತ್ರದಲ್ಲೇ ನೋಡಿಕೊಳ್ಳಿ. ಸಾಲ ತೀರಿದ ಮೇಲೆ ಬ್ಯಾಂಕಿನಲ್ಲಿಟ್ಟ ಮನೆಯ ಮೂಲ ಪತ್ರ ಎಷ್ಟು ದಿನಕ್ಕೆ ಕೊಡುತ್ತಾರೆ ಅಂತಲೂ ಕೇಳಿ, ತಡವಾದರೆ ಕೊಳ್ಳುವವರು ಕಾಯಲ್ಲ.

ಲೆಕ್ಕಪತ್ರ_ಆಡಿಟರ್:
ಬಾಡಿಗೆಗೆ ಒಂದು ಅಕೌಂಟ್, ಕೊಳ್ಳುವ ಮಾರುವ ಹಣಕ್ಕೆ ಇನ್ನೊಂದು ಇಟ್ಟುಕೊಳ್ಳಿ. ಬಾಡಿಗೆ ತಿಂಗಳು ತಿಂಗಳು ಬ್ಯಾಂಕಿಗೇ ಬಂದಿದ್ದರೆ ಮುಂದೆ ಸಾಲ ಕೇಳುವಾಗ ಅದೇ ಆಧಾರ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ಅಡ್ವಾನ್ಸ್ ನಗದಲ್ಲಿ ತಗೋಬೇಡಿ, ತಗೊಂಡಷ್ಟೇ ಮೊತ್ತ ದಂಡ ಬೀಳಬಹುದು. 50 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಮನೆ ಕೊಳ್ಳುವಾಗ ಮಾರುವವರಿಗೆ ಕೊಡುವ ಹಣದಲ್ಲಿ 1% ಟಿಡಿಎಸ್ (ಮೊದಲೇ ಹಿಡಿಯುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಮರೆಯಬೇಡಿ.

ಹಳೇಮನೆ_ಮೈಸೂರು:
ತುಂಬಾ ಉಪಕಾರ ಆಯ್ತು. ಮೊದಲನೇ ಮನೆ ಸಾಲವಿಲ್ಲದೆ ಕೊಂಡು, ಅದನ್ನೇ ಅಡ ಇಟ್ಟು ಎರಡನೆಯದಕ್ಕೆ ದುಡ್ಡು ಎತ್ತಬಹುದಾ ಸರ್?

ನಿವೃತ್ತ_ಮ್ಯಾನೇಜರ್:
ಆಗುತ್ತೆ. ಓವರ್‌ಡ್ರಾಫ್ಟ್ (ಮಿತಿಯೊಳಗೆ ಬೇಕಾದಾಗ ತೆಗೆಯುವ ಸಾಲ) ಕೇಳಿ, ಬಳಸಿದಷ್ಟಕ್ಕೆ ಮಾತ್ರ ಬಡ್ಡಿ. ಆದರೆ ಅಷ್ಟರಲ್ಲಿ ಖಾತಾ ಸಂಸ್ಥೆ ಹೆಸರಿಗೆ ಬದಲಾಗಿ, ಈ ವರ್ಷದ ಕಂದಾಯ ರಸೀದಿ ಕೈಯಲ್ಲಿರಬೇಕು. ಖಾತಾ ಇನ್ನೂ ಮಾರಿದವರ ಹೆಸರಲ್ಲೇ ಇದ್ದರೆ ಫೈಲ್ ಮುಂದಕ್ಕೆ ಹೋಗಲ್ಲ.